ಹಳೇ ಮೋಟಾರ್‌ಹೋಮ್: ನೀರು ಮತ್ತು ಗ್ಯಾಸಿನ ತಕರಾರುಗಳು

ಹಳೆಯ ಮೋಟಾರ್‌ಹೋಮ್ (ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿ) ಇಟ್ಟುಕೊಂಡಿರುವವರ ಪತ್ರಗಳೇ ಈ ಸಲ ಜಾಸ್ತಿ ಬಂದಿವೆ. ಹೆಚ್ಚಿನವರು ಕೇಳಿರುವುದು, ಯಾವ ಭಾಗ ಬದಲಾಯಿಸಬೇಕು ಅಂತ. ಏನನ್ನೂ ಕೊಳ್ಳಲು ಹೋಗಬೇಡಿ, ಮೊದಲು ತಕರಾರು ಯಾವ ಕಡೆ ಇದೆ ಅಂತ ಪತ್ತೆ ಮಾಡಿ. ಇಪ್ಪತ್ತು ಮೂವತ್ತು ವರ್ಷ ಹಳೆಯ ಗಾಡಿಯಲ್ಲಿ ಕೆಟ್ಟಂತೆ ಕಾಣುವ ಭಾಗ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಅದರ ಹಿಂದೆ ಇರುವ ಕೊಳೆ, ಗಾಳಿ ಅಥವಾ ಬ್ಯಾಟರಿ ಅದನ್ನು ಕೆಲಸ ಮಾಡಲು ಬಿಟ್ಟಿರುವುದಿಲ್ಲ, ಅಷ್ಟೇ.

ಪ್ರಶ್ನೆ: ನಲ್ಲಿಗಳನ್ನೆಲ್ಲ ಬಂದ್ ಮಾಡಿದ್ದರೂ ರಾತ್ರಿಯೆಲ್ಲ ನೀರಿನ ಪಂಪು ಆಗಾಗ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಎಲ್ಲೂ ಸೋರಿಕೆ ಕಾಣುವುದಿಲ್ಲ. ಹೊಸ ಪಂಪು ಹಾಕಿಸಬೇಕಾ?

ಉತ್ತರ: ಈಗಲೇ ಬೇಡ. ಪಂಪಿನ ತಲೆಯಲ್ಲಿ ಒತ್ತಡ ನೋಡಿಕೊಳ್ಳುವ ಒಂದು ಸ್ವಿಚ್ ಇರುತ್ತದೆ. ಪೈಪಿನಲ್ಲಿ ಒತ್ತಡ ತುಂಬಿದರೆ ಮೋಟಾರು ನಿಲ್ಲುತ್ತದೆ, ಇಳಿದರೆ ಮತ್ತೆ ಓಡುತ್ತದೆ. ನಿಮ್ಮ ಪಂಪು ಓಡುತ್ತಿದೆ ಅಂದರೆ ಒತ್ತಡ ಎಲ್ಲೋ ಇಳಿಯುತ್ತಿದೆ ಅಂತಲೇ ಅರ್ಥ. ನೀರು ಎಲ್ಲಿಂದಲೋ ಹೊರಗೆ ಹೋಗುತ್ತಿರಬೇಕು, ಇಲ್ಲವೇ ನೀರನ್ನು ಒಂದೇ ದಿಕ್ಕಿಗೆ ಬಿಡುವ, ಪಂಪಿನ ಒಳಗಿನ ಚೆಕ್ ವಾಲ್ವ್ ಸರಿಯಾಗಿ ಮುಚ್ಚದೆ ಹಿಂದಕ್ಕೆ ಟ್ಯಾಂಕಿಗೇ ವಾಪಸ್ ಹೋಗುತ್ತಿರಬೇಕು. ವಾಪಸ್ ಹೋದರೆ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಅದಕ್ಕೇ ಎಷ್ಟೋ ಜನ ದಿನಗಟ್ಟಲೆ ಸೋರಿಕೆ ಹುಡುಕುತ್ತಾ ಕೂರುತ್ತಾರೆ.

ಇದನ್ನು ಬೇರ್ಪಡಿಸುವುದು ಸುಲಭ. ಪಂಪಿನಿಂದ ನೀರು ಹೊರಬರುವ ಪೈಪಿಗೆ, ಪಂಪಿಗೆ ಹತ್ತಿರದಲ್ಲೇ, ಒಂದು ಸಣ್ಣ ಬಾಲ್ ವಾಲ್ವ್ ಹಾಕಿ. ಒತ್ತಡ ತುಂಬಿ ಪಂಪು ನಿಂತ ಮೇಲೆ ಅದನ್ನು ಮುಚ್ಚಿ. ಆಮೇಲೂ ಪಂಪು ಓಡಿದರೆ ತಪ್ಪು ಪಂಪಿನದೇ. ಚೆಕ್ ವಾಲ್ವಿನಲ್ಲಿ ಮರಳಿನ ಕಣ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ, ಬಿಚ್ಚಿ ತೊಳೆದರೆ ಸಾಕಾಗಬಹುದು. ಪಂಪು ಸುಮ್ಮನಿದ್ದರೆ ಸೋರಿಕೆ ಮುಂದಿನ ಪೈಪುಗಳಲ್ಲಿದೆ.

ಆಗ ಮೊದಲು ಕಮೋಡ್ ನೋಡಿ. ಅದರ ನೀರಿನ ವಾಲ್ವ್ ಸವೆದಿದ್ದರೆ ನೀರು ಸದ್ದಿಲ್ಲದೆ ಒಳಗೆ ಜಾರುತ್ತಾ ಇರುತ್ತದೆ. ಆಮೇಲೆ ಗಾಡಿಯ ಹೊರಗೋಡೆಯಲ್ಲಿ ಹೋಸ್ ಸಿಕ್ಕಿಸುವ ಬಾಯಿ ಒದ್ದೆಯಾಗಿದೆಯಾ ನೋಡಿ. ಹೊರಗಿನ ಶವರ್ ಇದ್ದರೆ ಅದನ್ನೂ ಮರೆಯಬೇಡಿ. ಸಿಂಕಿನ ಕೆಳಗೆ ಟಾರ್ಚ್ ಬಿಟ್ಟರೆ ಸಾಲದು. ಪ್ರತಿ ಜಾಯಿಂಟನ್ನೂ ಒರೆಸಿ, ಒಣಗಿದ ಟಿಶ್ಯೂ ಪೇಪರ್ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಕಣ್ಣಿಗೆ ಕಾಣದ ತೇವವೂ ಕಾಗದದ ಮೇಲೆ ಕಪ್ಪಗೆ ಮೂಡುತ್ತದೆ.

ಇನ್ನೊಂದು ಮಾತು. ಪೈಪು ಬೂದು ಬಣ್ಣದ್ದಾಗಿದ್ದು ಮೇಲೆ ಪಿಬಿ2110 ಅಂತ ಅಚ್ಚಾಗಿದ್ದರೆ ಅದು ಪಾಲಿಬ್ಯುಟಿಲೀನ್ ಅನ್ನುವ ಪ್ಲಾಸ್ಟಿಕ್. 1978ರಿಂದ 1995ರ ತನಕ ಅಮೆರಿಕದಲ್ಲಿ ಇದನ್ನು ತುಂಬಾ ಬಳಸಿದರು, ಅಲ್ಲಿ ತಯಾರಾದ ಹಳೆಯ ಮೋಟಾರ್‌ಹೋಮ್‌ಗಳಲ್ಲಿ ಈಗಲೂ ಸಿಗುತ್ತದೆ. ನೀರಿನ ಕ್ಲೋರಿನ್ ಇದನ್ನೂ ಇದರ ಪ್ಲಾಸ್ಟಿಕ್ ಜಾಯಿಂಟುಗಳನ್ನೂ ವರ್ಷಗಟ್ಟಲೆ ತಿಂದು ಪೆಡಸು ಮಾಡಿರುತ್ತದೆ. ಒಂದು ಕಡೆ ತೇಪೆ ಹಾಕಿದರೆ ಮುಂದಿನ ಕುಲುಕಾಟಕ್ಕೆ ಇನ್ನೊಂದು ಕಡೆ ಬಿರಿಯುತ್ತದೆ. ಇಲ್ಲಿ ನಾನು ಬದಲಾಯಿಸಿ ಅಂತಲೇ ಹೇಳುತ್ತೇನೆ, ಪೂರ್ತಿ ಪೆಕ್ಸ್ (ಬಾಗುವ ಗಟ್ಟಿ ಪ್ಲಾಸ್ಟಿಕ್) ಪೈಪು ಹಾಕಿಸಿಬಿಡಿ.

ಪ್ರಶ್ನೆ: ಪಂಪು ಒಂದೇ ಸಮನೆ ಓಡುತ್ತದೆ, ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಮೀಟರು ಟ್ಯಾಂಕ್ ಮುಕ್ಕಾಲು ತುಂಬಿದೆ ಅನ್ನುತ್ತದೆ.

ಉತ್ತರ: ಮೀಟರನ್ನು ನಂಬಬೇಡಿ, ಟ್ಯಾಂಕನ್ನೇ ತಟ್ಟಿ ನೋಡಿ. ಸೆನ್ಸರ್‌ಗೆ ಪಾಚಿ ಹಿಡಿದರೆ ಅದು ಖಾಲಿ ಟ್ಯಾಂಕನ್ನೂ ತುಂಬಿದೆ ಅನ್ನುತ್ತದೆ. ನೀರು ನಿಜವಾಗಿಯೂ ಇದ್ದರೆ ಪಂಪು ಗಾಳಿ ಎಳೆಯುತ್ತಿದೆ. ಪಂಪಿಗೆ ನೀರು ಬರುವ ಕಡೆ ಇರುವ ಸಣ್ಣ ಫಿಲ್ಟರ್ ಬಟ್ಟಲನ್ನು ಬಿಚ್ಚಿ, ಜಾಲರಿ ತೊಳೆದು, ರಬ್ಬರ್ ರಿಂಗ್ ಸೀಳಿದೆಯಾ ನೋಡಿ. ಚಳಿಗಾಲದಲ್ಲಿ ಪೈಪಿಗೆ ಆಂಟಿಫ್ರೀಜ್ (ಹೆಪ್ಪುಗಟ್ಟದ ದ್ರವ) ಎಳೆಯಲು ಇಟ್ಟಿರುವ ವಾಲ್ವನ್ನು ಯಾರಾದರೂ ತೆರೆದಿಟ್ಟೇ ಬಿಟ್ಟಿದ್ದರೂ ಹೀಗೇ ಆಗುತ್ತದೆ.

ಪ್ರಶ್ನೆ: ಗ್ಯಾಸ್ ಗೀಸರ್ ಕಾಯುವಾಗ ಹೊರಗಿನ ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಅದಕ್ಕೊಂದು ಮುಚ್ಚಳ ಹಾಕಿಬಿಡಲಾ?

ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. ಶಾಖ ಅಥವಾ ಒತ್ತಡ ಮಿತಿ ಮೀರಿದಾಗ ಟ್ಯಾಂಕ್ ಸಿಡಿಯದಂತೆ ತಡೆಯುವುದು ಅದೇ ವಾಲ್ವ್. ಅದನ್ನು ಮುಚ್ಚಿದ ಗೀಸರ್ ಪಕ್ಕದಲ್ಲಿ ಯಾರೂ ಮಲಗಬಾರದು.

ತೊಟ್ಟಿಕ್ಕುವುದಕ್ಕೆ ಕಾರಣ ಸರಳ. ಕಾದ ನೀರು ಹಿಗ್ಗುತ್ತದೆ. 23 ಲೀಟರ್ ಟ್ಯಾಂಕಿನ ನೀರನ್ನು 15 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದರೆ ಸುಮಾರು 370 ಮಿಲಿಲೀಟರ್ ಜಾಸ್ತಿಯಾಗುತ್ತದೆ. ಈ ಹೆಚ್ಚುವರಿ ನೀರಿಗೆ ಅಂತಲೇ ಟ್ಯಾಂಕಿನ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ಇರಬೇಕು. ದಿನ ಕಳೆದಂತೆ ಆ ಗಾಳಿ ನೀರಿನಲ್ಲೇ ಕರಗಿಹೋಗುತ್ತದೆ, ಆಗ ಹಿಗ್ಗಿದ ನೀರು ವಾಲ್ವಿನಿಂದ ಹೊರಬರುತ್ತದೆ. ಗೀಸರ್ ಆರಿಸಿ, ನೀರು ಪೂರ್ತಿ ತಣ್ಣಗಾಗಲು ಬಿಡಿ. ಪಂಪು ಬಂದ್ ಮಾಡಿ, ಒಂದು ಬಿಸಿನೀರಿನ ನಲ್ಲಿ ತೆರೆದಿಡಿ. ಆಮೇಲೆ ಸೇಫ್ಟಿ ವಾಲ್ವಿನ ಹಿಡಿಯನ್ನು ಎತ್ತಿ, ನೀರು ತಾನಾಗಿ ನಿಲ್ಲುವವರೆಗೆ ಹರಿಯಲು ಬಿಟ್ಟು, ಟಪ್ ಅಂತ ಬಿಡಿ. ನಲ್ಲಿ ಮುಚ್ಚಿ ಪಂಪು ಹಾಕಿ. ಇಷ್ಟಾದರೂ ತೊಟ್ಟಿಕ್ಕಿದರೆ ವಾಲ್ವನ್ನೇ ಬದಲಾಯಿಸಿ.

ಪ್ರಶ್ನೆ: ಒಲೆ ಒಂದೇ ಇದ್ದಾಗ ಚೆನ್ನಾಗಿ ಉರಿಯುತ್ತದೆ. ಗೀಸರೋ ರೂಮ್ ಹೀಟರೋ ಹೊತ್ತಿಕೊಂಡ ಕೂಡಲೇ ಒಲೆಯ ಜ್ವಾಲೆ ಕುಗ್ಗುತ್ತದೆ. ಸಿಲಿಂಡರ್ ತುಂಬಿದೆ.

ಉತ್ತರ: ಗ್ಯಾಸ್ ಇದೆ, ಬೇಕಾದಷ್ಟು ಹರಿದು ಬರುತ್ತಿಲ್ಲ. ನೀವು ಸಿಲಿಂಡರ್ ವಾಲ್ವನ್ನು ಒಮ್ಮೆಲೇ ತೆರೆಯುತ್ತೀರಾ? ಹಾಗೆ ಮಾಡಿದರೆ ಹೋಸ್ ಹರಿದುಹೋಗಿದೆ ಅಂದುಕೊಂಡು ಒಳಗಿನ ಸೇಫ್ಟಿ ಅರ್ಧಂಬರ್ಧ ಮುಚ್ಚಿಕೊಳ್ಳುತ್ತದೆ, ಆಮೇಲೆ ಬರುವುದು ಬರೀ ಸಣ್ಣ ಹರಿವು. ಎಲ್ಲ ಉಪಕರಣ ಆರಿಸಿ, ಸಿಲಿಂಡರ್ ಮುಚ್ಚಿ, ಕೆಲವು ನಿಮಿಷ ಬಿಟ್ಟು ನಿಧಾನಕ್ಕೆ ತೆರೆಯಿರಿ.

ಸರಿಹೋಗದಿದ್ದರೆ ರೆಗ್ಯುಲೇಟರ್ ಕಡೆ ಬನ್ನಿ. ಅದರ ಉಸಿರಾಟದ ತೂತು ಕೆಳಮುಖವಾಗಿರಬೇಕು. ಅಲ್ಲಿ ಕೆಸರು ಅಥವಾ ಹುಳದ ಗೂಡು ಕಟ್ಟಿಕೊಂಡಿದ್ದರೆ ಒತ್ತಡ ಏರುಪೇರಾಗುತ್ತದೆ. ಅಮೆರಿಕದಲ್ಲಿ ತಯಾರಾದ ಗಾಡಿಗಳ ಉಪಕರಣಗಳಿಗೆ ಬೇಕಾದ ಒತ್ತಡ 11 ಇಂಚು ನೀರಿನ ಎತ್ತರದಷ್ಟು, ಅಂದರೆ ಸುಮಾರು 28 ಸೆಂಟಿಮೀಟರ್. ಬೇರೆ ಕಡೆಯ ಗಾಡಿಯಾದರೆ ಉಪಕರಣಕ್ಕೆ ಅಂಟಿಸಿರುವ ಲೇಬಲ್ ಮೇಲೆ ಬರೆದಿರುವುದನ್ನೇ ನೋಡಿ. ಎರಡು ಮೂರು ಉಪಕರಣ ಉರಿಯುತ್ತಿರುವಾಗಲೇ ಮೆಕ್ಯಾನಿಕ್ ಮ್ಯಾನೋಮೀಟರ್ (ಒತ್ತಡ ಅಳೆಯುವ ಮೀಟರು) ಹಚ್ಚಿ ಅಳೆಯಬೇಕು, ಎಲ್ಲ ಆರಿಸಿ ಅಳೆದರೆ ಸುಸ್ತಾದ ರೆಗ್ಯುಲೇಟರ್ ಕೂಡ ಸರಿಯಾದ ಅಂಕಿ ತೋರಿಸಿಬಿಡಬಹುದು. ಹತ್ತು ವರ್ಷ ದಾಟಿದ ರೆಗ್ಯುಲೇಟರನ್ನು ಅಳೆಯುವ ಗೋಜಿಗೇ ಹೋಗದೆ ಬದಲಾಯಿಸಿ ಅನ್ನುವುದು ನನ್ನ ಅಭಿಪ್ರಾಯ. ಅದರ ಸ್ಕ್ರೂ ತಿರುಗಿಸಿ ಅಂದಾಜಿನ ಮೇಲೆ ಒತ್ತಡ ಏರಿಸುವುದು ಮಾತ್ರ ಖಂಡಿತ ಬೇಡ.

ವಿಪರೀತ ಚಳಿಯಲ್ಲಿ ಮಾತ್ರ ಹೀಗಾಗುತ್ತಿದ್ದರೆ ಸಿಲಿಂಡರಿನಲ್ಲಿ ಏನಿದೆ ಅಂತ ವಿಚಾರಿಸಿ. ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲೂ ಅನಿಲವಾಗುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಸೋಲುತ್ತದೆ.

ಪ್ರಶ್ನೆ: ರೂಮ್ ಹೀಟರಿನ ಫ್ಯಾನ್ ತಿರುಗುತ್ತದೆ, ಬೆಂಕಿ ಹೊತ್ತುವುದೇ ಇಲ್ಲ. ಗ್ಯಾಸಿನದೇ ತೊಂದರೆ ಅಲ್ವಾ?

ಉತ್ತರ: ಗ್ಯಾಸಿಗಿಂತ ಮೊದಲು ಬ್ಯಾಟರಿ ನೋಡಿ. ಈ ಹೀಟರ್‌ಗಳಲ್ಲಿ ಗಾಳಿ ಜೋರಾಗಿ ಬೀಸಿದರೆ ಮಾತ್ರ ಒತ್ತಿಕೊಳ್ಳುವ ಒಂದು ತೆಳು ತಗಡಿನ ಸ್ವಿಚ್ ಇರುತ್ತದೆ. ಅದು ಒತ್ತಿಕೊಳ್ಳದೆ ಗ್ಯಾಸ್ ವಾಲ್ವ್ ತೆರೆಯುವುದಿಲ್ಲ. ಬ್ಯಾಟರಿ ಇಳಿದಿದ್ದರೆ ಫ್ಯಾನ್ ತಿರುಗುತ್ತದೆ, ಆದರೆ ಆ ತಗಡನ್ನು ಎತ್ತುವಷ್ಟು ವೇಗ ಇರುವುದಿಲ್ಲ. ವೋಲ್ಟೇಜನ್ನು ಬ್ಯಾಟರಿಯ ಹತ್ತಿರ ಅಳೆಯಬೇಡಿ, ಫ್ಯಾನ್ ಓಡುತ್ತಿರುವಾಗ ಹೀಟರಿನ ತಂತಿಗಳಲ್ಲೇ ಅಳೆಯಿರಿ. ಹಳೆಯ ಗಾಡಿಯ ತುಕ್ಕು ಹಿಡಿದ ಅರ್ಥಿಂಗ್ ಒಂದೆರಡು ವೋಲ್ಟನ್ನು ದಾರಿಯಲ್ಲೇ ನುಂಗಿರುತ್ತದೆ. ವೋಲ್ಟೇಜ್ ಸರಿಯಿದ್ದರೆ ಆ ತಗಡಿಗೆ ಕೂದಲು, ಧೂಳು ಸುತ್ತಿಕೊಂಡಿದೆಯಾ ನೋಡಿ.

ಪ್ರಶ್ನೆ: ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿ. ಗೀಸರಿನ ಜ್ವಾಲೆ ಈಗ ಹಳದಿ, ಗ್ಯಾಸಿನಿಂದ ಓಡುವ ಫ್ರಿಜ್ ಹೊತ್ತಿಕೊಂಡು ಆರುತ್ತದೆ.

ಉತ್ತರ: ಜೇಡರ ಬಲೆ ಇರುವ ಸಾಧ್ಯತೆ ಜಾಸ್ತಿ. ನಿಂತ ಗಾಡಿಯ ಬರ್ನರ್ ಕೊಳವೆ ಜೇಡಕ್ಕೆ ಒಳ್ಳೆಯ ಜಾಗ. ಬಲೆ ಗಾಳಿಯನ್ನು ತಡೆದರೆ ಜ್ವಾಲೆ ಹಳದಿಯಾಗಿ ಮಸಿ ಕಟ್ಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟುತ್ತದೆ, ಹಾಗಾಗಿ ಸರಿಯಾಗುವವರೆಗೆ ಗೀಸರ್ ಹಚ್ಚಲೇಬೇಡಿ. ಸಿಲಿಂಡರ್ ಬಂದ್ ಮಾಡಿ ಕೊಳವೆಯನ್ನು ಬ್ರಷ್ಷಿನಿಂದ ಉಜ್ಜಿ. ಫ್ರಿಜ್ಜಿನ ಚಿಮಣಿಯಿಂದ ಉದುರಿದ ತುಕ್ಕಿನ ಚೂರುಗಳು ಬರ್ನರ್ ಮೇಲೆ ಕೂತಿರುತ್ತವೆ, ಅವನ್ನೂ ತೆಗೆಯಿರಿ. ಗ್ಯಾಸ್ ಬರುವ ಸಣ್ಣ ತೂತಿಗೆ ಪಿನ್ನು, ತಂತಿ ಹಾಕಬೇಡಿ. ಕೂದಲೆಳೆಯಷ್ಟು ಅಗಲವಾದರೂ ಜ್ವಾಲೆಯ ಲೆಕ್ಕವೇ ತಪ್ಪುತ್ತದೆ. ಅದನ್ನು ಬಿಚ್ಚಿ ಸ್ಪಿರಿಟ್‌ನಲ್ಲಿ ನೆನೆಸಿ, ಗಾಳಿ ಊದಿ ಒಣಗಿಸಿ. ಇಷ್ಟಾದ ಮೇಲೂ ಫ್ರಿಜ್ ಆರಿದರೆ ಜ್ವಾಲೆ ಉರಿಯುತ್ತಿರುವುದನ್ನು ಗ್ಯಾಸ್ ವಾಲ್ವಿಗೆ ತಿಳಿಸುವ ಥರ್ಮೋಕಪಲ್ ಸೋತಿರಬೇಕು.

ಪ್ರಶ್ನೆ: ಗ್ಯಾಸ್ ಡಿಟೆಕ್ಟರ್ ಆಗಾಗ ಕೂಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಇದೆ. ಸಿಲಿಂಡರ್ ಬಂದ್ ಮಾಡಿದರೂ ವಾಸನೆ ಹೋಗಲಿಲ್ಲ. ಬೆಂಕಿಕಡ್ಡಿ ಗೀರಿ ನೋಡಬಹುದಾ?

ಉತ್ತರ: ಖಂಡಿತ ಬೇಡ! ಕೂಗಿದಾಗಲೆಲ್ಲ ಅದು ಗ್ಯಾಸೇ ಅಂತ ತಿಳಿದು ನಡೆದುಕೊಳ್ಳಿ. ಎಲ್ಲರೂ ಹೊರಗೆ ಬನ್ನಿ, ಬರುವಾಗ ಬಾಗಿಲು ತೆರೆದಿಡಿ, ಒಂದು ಸ್ವಿಚ್ಚನ್ನೂ ಮುಟ್ಟಬೇಡಿ. ಹೊರಗಿನಿಂದ ಸಿಲಿಂಡರ್ ಮುಚ್ಚಿ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಮೇಲೆ ಹರಡಿ ಕೂರುತ್ತದೆ. ಡಿಟೆಕ್ಟರನ್ನು ನೆಲದ ಹತ್ತಿರ ಹಾಕಿರುವುದೂ ಅದಕ್ಕೇ. ಗಾಳಿಯಾಡಿದ ಮೇಲೆ ಅಮೋನಿಯಾ ಇಲ್ಲದ ಸೋಪಿನ ನೀರನ್ನು ಪ್ರತಿ ಜಾಯಿಂಟಿಗೆ ಹಚ್ಚಿ, ಸಿಲಿಂಡರ್ ತೆರೆದು ಗುಳ್ಳೆ ಬರುತ್ತದಾ ನೋಡಿ. ಅಮೋನಿಯಾ ಇದ್ದರೆ ಹಿತ್ತಾಳೆ ಬಿರುಕು ಬಿಡುತ್ತದೆ. ಗುಳ್ಳೆ ಬರದಿದ್ದರೂ ಒತ್ತಡ ಹಿಡಿದಿಟ್ಟು ನೋಡುವ ಪರೀಕ್ಷೆಯನ್ನು ಗ್ಯಾಸ್ ಮೆಕ್ಯಾನಿಕ್‌ನಿಂದ ಮಾಡಿಸಿ.

ಗ್ಯಾಸ್ ಬಂದ್ ಆಗಿದ್ದರೂ ವಾಸನೆ ಉಳಿದಿದೆ ಅಂದಿದ್ದೀರಿ, ಇದು ಮುಖ್ಯವಾದ ಸುಳಿವು. ಚಾರ್ಜರ್ ಕೆಟ್ಟು ಲೆಡ್ ಆಸಿಡ್ ಬ್ಯಾಟರಿ ಕುದಿಯುತ್ತಿದ್ದರೆ ಅದೂ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ, ಡಿಟೆಕ್ಟರ್ ಅದಕ್ಕೂ ಕೂಗುತ್ತದೆ. ಆ ಅನಿಲವೂ ಅಪಾಯವೇ. ಗಾಡಿ ಗಾಳಿಯಾಡಿದ ಮೇಲೆ, ಹೊರಗಿನಿಂದ ಕರೆಂಟಿನ ಸಂಪರ್ಕ ತೆಗೆದು, ಬ್ಯಾಟರಿ ತಣ್ಣಗಾಗಲು ಬಿಡಿ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ವಾಸನೆ ಬರುತ್ತಿದ್ದರೆ ಅದು ಗೀಸರ್ ಟ್ಯಾಂಕಿನ ಬ್ಯಾಕ್ಟೀರಿಯಾದ ಕೆಲಸ. ಟ್ಯಾಂಕ್ ಖಾಲಿ ಮಾಡಿ, ಬ್ಲೀಚ್ ಬೆರೆಸಿದ ನೀರು ತುಂಬಿ ಕೆಲವು ಗಂಟೆ ಬಿಟ್ಟು, ಚೆನ್ನಾಗಿ ತೊಳೆಯಿರಿ. ಡಿಟೆಕ್ಟರಿನ ಹಿಂಬದಿಯಲ್ಲಿರುವ ತಾರೀಖನ್ನೂ ಓದಿ. ಸಾಮಾನ್ಯವಾಗಿ 5ರಿಂದ 7 ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ.