ಹೊಸ ಡಿಸ್ಕ್ ಹಾಕಿದರೂ ಬ್ರೇಕ್ ಲಿವರ್ ಒದೆಯುವುದೇಕೆ?

ಪ್ರಶ್ನೆ: ನನ್ನ ಎಟಿವಿಯ (ಕಚ್ಚಾ ಹಾದಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಮುಂದಿನ ಎಡಚಕ್ರದ ಬ್ರೇಕ್ ಡಿಸ್ಕ್ ಸವೆದಿತ್ತು, ಹೊಸದು ಹಾಕಿದೆ. ಬೋಲ್ಟ್, ಪ್ಯಾಡ್ ಹಳೆಯವೇ. ಈಗ ಬ್ರೇಕ್ ಹಿಡಿದರೆ ಲಿವರ್ ಬೆರಳಿಗೆ ಒದೆಯುತ್ತದೆ. ಚಕ್ರ ತಿರುಗಿಸಿದರೆ ಒಂದೇ ಜಾಗದಲ್ಲಿ ಉಜ್ಜುವ ಸದ್ದು. ಡಿಸ್ಕೇ ಸೊಟ್ಟಗಿದೆಯೇ?

ಉತ್ತರ: ಡಿಸ್ಕನ್ನು ದೂರುವ ಮೊದಲು ಅದು ಕೂರುವ ಹಬ್, ಅಂದರೆ ಚಕ್ರದ ನಡುಗುಂಬ, ನೋಡಿ. ಕೆಸರು, ನೀರಿನಲ್ಲಿ ಓಡುವ ಗಾಡಿಯ ಹಬ್ ಮೇಲೆ ತುಕ್ಕಿನ ಹಕ್ಕಳೆ, ಬೋಲ್ಟ್ ತೂತುಗಳ ಸುತ್ತ ಒಣಗಿದ ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಉಳಿದಿರುತ್ತದೆ. ಅದು ಒಂದು ಮಗ್ಗುಲಲ್ಲಿ ಕಾಗದದಷ್ಟು, ಅಂದರೆ 0.1 ಮಿ.ಮೀ. ದಪ್ಪ ಇದ್ದರೂ ಸಾಕು, ಡಿಸ್ಕಿನ ಹೊರ ಅಂಚಿನಲ್ಲಿ ಓಲಾಟ ಇನ್ನೂ ಹೆಚ್ಚುತ್ತದೆ. ಆ ಓಲಾಟ ಪ್ಯಾಡನ್ನು, ಪ್ಯಾಡ್ ತನ್ನ ಬೆನ್ನಿಗೆ ಬ್ರೇಕ್ ಆಯಿಲ್ ಒತ್ತಡದಲ್ಲಿರುವ ಪಿಸ್ಟನ್ನನ್ನು ತಳ್ಳುತ್ತದೆ. ನಿಮ್ಮ ಬೆರಳಿಗೆ ಸಿಗುವ ಒದೆತ ಅದೇ.

ಪ್ಯಾಡ್, ಪಿಸ್ಟನ್ ಇರುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಮೇಲೆ ಕಟ್ಟಿ, ಹೋಸ್ ಮೇಲೆ ಭಾರ ಬೀಳಬಾರದು. ಆಗ ಲಿವರ್ ಒತ್ತಲೇಬೇಡಿ, ಪಿಸ್ಟನ್ ಹೊರಬರುತ್ತದೆ. ಡಿಸ್ಕ್ ತೆಗೆದು ಹಬ್ಬನ್ನು ವೈರ್ ಬ್ರಷ್‌ನಿಂದ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು.

ಬೋಲ್ಟ್ ಹೊಸವೇ ಇರಲಿ. ಇಲ್ಲಿ ಉಳಿತಾಯ ಬೇಡ. ಮಧ್ಯಮ ಬಲದ ಥ್ರೆಡ್‌ಲಾಕ್ ಒಂದೊಂದು ಹನಿ ಹಚ್ಚಿ, ಎದುರುಬದುರಾಗಿ ಎರಡು ಸುತ್ತಿನಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಮಾಡಿ. ಎಷ್ಟು ಟಾರ್ಕ್ (ತಿರುಚುವ ಬಲ) ಎಂಬುದು ಆ ಮಾಡೆಲಿನ ಸರ್ವಿಸ್ ಕೈಪಿಡಿಯಲ್ಲಿದೆ. ಡಿಸ್ಕಿನಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ತಿರುಗುವ ದಿಕ್ಕು.

ಈಗ ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಅಂಚಿನ ಓಲಾಟ ಅಳೆಯಿರಿ. ಅದಕ್ಕೂ ಮೊದಲು ಬೇರಿಂಗ್ ಆಡುತ್ತಿಲ್ಲ ಎಂದು ಖಾತ್ರಿಮಾಡಿಕೊಳ್ಳಿ, ಇಲ್ಲದಿದ್ದರೆ ಅಳತೆಯೇ ಸುಳ್ಳು. ಓಲಾಟ ಕೈಪಿಡಿಯ ಮಿತಿ ಮೀರಿದರೆ, ಮುಳ್ಳು ಹೆಚ್ಚು ಏರುವ ಜಾಗಕ್ಕೆ ಡಿಸ್ಕ್, ಹಬ್ ಎರಡರಲ್ಲೂ ಗುರುತು ಹಾಕಿ. ಡಿಸ್ಕನ್ನು ಒಂದು ಬೋಲ್ಟ್ ತೂತು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಉಬ್ಬು ಡಿಸ್ಕಿನ ಗುರುತಿನ ಜೊತೆ ಸರಿದರೆ ಡಿಸ್ಕ್ ಸೊಟ್ಟ, ಹಬ್ಬಿನ ಗುರುತಲ್ಲೇ ನಿಂತರೆ ಹಬ್ ಬಾಗಿದೆ. ಈ ಪರೀಕ್ಷೆ ಬಿಟ್ಟು ಇನ್ನೊಂದು ಡಿಸ್ಕ್ ಕೊಳ್ಳಬೇಡಿ.

ಪ್ಯಾಡನ್ನೂ ಬದಲಿಸಿ. ಹಳೆಯ ಡಿಸ್ಕಿನ ಗೀರುಗಳಿಗೆ ಹೊಂದಿಕೊಂಡ ಪ್ಯಾಡ್ ಹೊಸ ಡಿಸ್ಕಿಗೆ ಏಣುಗಳಲ್ಲಷ್ಟೇ ತಾಗುತ್ತದೆ. ಹೊಸ ಡಿಸ್ಕಿಗೆ ತುಕ್ಕು ತಡೆಯುವ ಎಣ್ಣೆ ಸವರಿರುತ್ತಾರೆ. ಎರಡೂ ಮೈ ಬ್ರೇಕ್ ಕ್ಲೀನರ್‌ನಿಂದ ತೊಳೆಯಿರಿ. ದಪ್ಪ ಪ್ಯಾಡಿಗಾಗಿ ಪಿಸ್ಟನ್ ಒಳಗೆ ಒತ್ತುವಾಗ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲಬಹುದು, ಪೇಂಟ್ ಕಿತ್ತುಹೋಗುತ್ತದೆ. ಮೊದಲೇ ಸ್ವಲ್ಪ ಹೊರತೆಗೆಯಿರಿ.

ಹಬ್ ನಟ್ ಬಿಚ್ಚಿದ್ದರೆ ನಟ್ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದು ಹಾಕಿ. ಗಾಡಿ ಕದಲಿಸುವ ಮುನ್ನ ಲಿವರ್ ಗಟ್ಟಿಯಾಗುವ ತನಕ ಒತ್ತಿ, ಆಮೇಲೆ ಬಯಲಲ್ಲಿ 30 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸದೆ ಹತ್ತು-ಹದಿನೈದು ಸಲ ಮೆತ್ತಗೆ ಬ್ರೇಕ್ ಹಿಡಿದು ಪ್ಯಾಡ್ ಹದಕ್ಕೆ ತನ್ನಿ.