ಓದುಗರ ಪ್ರಶ್ನೆ: ಚೀಸಿನ ಹಿಂದೆ ಓಡುವವರು, ಕುದುರೆಗೆ ಸವಾಲೆಸೆದವರು

ಪ್ರಶ್ನೆ: ಇಂಗ್ಲೆಂಡಿನಲ್ಲಿ ಗುಡ್ಡದಿಂದ ಉರುಳುವ ಚೀಸಿನ ಹಿಂದೆ ಜನರು ಬಿದ್ದು ಎದ್ದು ಓಡುವ ವಿಡಿಯೊ ನೋಡಿದೆ. ಇದು ನಿಜವಾದ ಸ್ಪರ್ಧೆಯೇ, ನಗಿಸುವುದಕ್ಕಾಗಿ ಮಾಡಿದ್ದೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಜವಾದ ಸ್ಪರ್ಧೆಯೇ. ಗ್ಲಾಸ್ಟರ್‌ಶೈರ್ ಸೀಮೆಯ ಬ್ರಾಕ್‌ವರ್ತ್ ಬಳಿ ಇರುವ ಕೂಪರ್ಸ್ ಹಿಲ್ ಎಂಬ ಗುಡ್ಡದಲ್ಲಿ ಇದು ಸಾಮಾನ್ಯವಾಗಿ ಮೇ ತಿಂಗಳ ಕೊನೆಯ ಸೋಮವಾರ ನಡೆಯುತ್ತದೆ. 1826ರ ಬರಹವೊಂದರಲ್ಲಿಯೇ ಇದರ ಉಲ್ಲೇಖ ಸಿಗುತ್ತದೆ. ಮೂರರಿಂದ ನಾಲ್ಕು ಕಿಲೋ ತೂಗುವ, ಚಕ್ರದಂತೆ ದುಂಡಗಿರುವ ಡಬಲ್ ಗ್ಲಾಸ್ಟರ್ ಚೀಸನ್ನು ಮೊದಲು ಉರುಳಿಬಿಟ್ಟು, ಮರುಕ್ಷಣವೇ ಸ್ಪರ್ಧಿಗಳನ್ನು ಬಿಡುತ್ತಾರೆ. ನಿಯಮದ ಪ್ರಕಾರ ಚೀಸನ್ನು ಹಿಡಿಯಬೇಕು, ಆದರೆ ಅದು ಗಂಟೆಗೆ ನೂರು ಕಿಲೋಮೀಟರನ್ನೂ ಮೀರಿದ ವೇಗದಲ್ಲಿ ಹೋಗಬಲ್ಲದಾದ್ದರಿಂದ ಯಾರ ಕೈಗೂ ಸಿಗುವ ಮಾತಿಲ್ಲ. ಆದಕಾರಣ ಗುಡ್ಡದ ಬುಡವನ್ನು ಮೊದಲು ತಲುಪಿದವರಿಗೆ ಆ ಚೀಸೇ ಬಹುಮಾನವಾಗುತ್ತದೆ.

ಇಳಿಜಾರಿನ ಉದ್ದ ಸುಮಾರು 180 ಮೀಟರು ಮಾತ್ರ, ಆದರೆ ಕಡಿದಾದ, ಏರುತಗ್ಗಿನ ಆ ಹುಲ್ಲುನೆಲದಲ್ಲಿ ಕೊನೆಯವರೆಗೆ ನೆಟ್ಟಗೆ ನಿಂತು ಓಡುವವರು ವಿರಳ. ಹೆಚ್ಚಿನವರು ಉರುಳಿಕೊಂಡೇ ಕೆಳಗೆ ಬರುತ್ತಾರೆ, ಹಾಗೆ ಬಂದವರನ್ನು ತಡೆದು ಹಿಡಿಯಲು ಬುಡದಲ್ಲಿ ಗಟ್ಟಿಮುಟ್ಟಾದ ಯುವಕರು ಸಾಲಾಗಿ ನಿಂತಿರುತ್ತಾರೆ. 2023ರ ಮಹಿಳೆಯರ ಓಟದಲ್ಲಿ ಗೆದ್ದ ಕೆನಡಾದ ಯುವತಿ ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ ಸ್ಥಿತಿಯಲ್ಲಿಯೇ ಗೆರೆ ದಾಟಿದ್ದರು. ತಾವು ಗೆದ್ದದ್ದು ಅವರಿಗೆ ಗೊತ್ತಾದದ್ದು ಚಿಕಿತ್ಸೆಯ ಡೇರೆಯಲ್ಲಿ. ವಿಪರೀತ ಜನಸಂದಣಿಯಿಂದ ಅಪಾಯವಾದೀತೆಂದು 2010ರಲ್ಲಿ ಅಧಿಕೃತ ಕೂಟವನ್ನು ಕೈಬಿಡಲಾಯಿತು, ಆದರೂ ಊರಿನವರು ತಾವೇ ಮುಂದೆ ನಿಂತು ಸ್ಪರ್ಧೆಯನ್ನು ಉಳಿಸಿಕೊಂಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀಸಿಗೆ ಪಡಿತರ ಬಂದಾಗಲೂ ಅವರು ಬಿಟ್ಟಿರಲಿಲ್ಲ: ಮರದ ಚಕ್ರವೊಂದನ್ನು ಮಾಡಿಸಿ, ಅದರೊಳಗೆ ಸಣ್ಣ ಚೀಸಿನ ತುಂಡನ್ನಿಟ್ಟು ಉರುಳಿಸುತ್ತಿದ್ದರು. ನನ್ನ ಮಟ್ಟಿಗೆ ಓಟಕ್ಕಿಂತಲೂ ಆ ಹಟವೇ ಹೆಚ್ಚು ಸ್ವಾರಸ್ಯಕರ.

ಪ್ರಶ್ನೆ: ಫಿನ್ಲೆಂಡಿನ ಹೆಂಡತಿ ಹೊರುವ ಸ್ಪರ್ಧೆಯಲ್ಲಿ ಸ್ವಂತ ಹೆಂಡತಿಯನ್ನೇ ಹೊರಬೇಕೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಕಡ್ಡಾಯವಿಲ್ಲ, ನೆರೆಮನೆಯವರ ಹೆಂಡತಿಯಾದರೂ ಆಗಬಹುದೆಂದು ನಿಯಮವೇ ಹೇಳುತ್ತದೆ. ಸೊಂಕಾಯಾರ್ವಿ ಎಂಬ ಊರಿನಲ್ಲಿ 1992ರಿಂದ ನಡೆಯುತ್ತಿರುವ ಈ ಸ್ಪರ್ಧೆಯ ಹಾದಿ 253.5 ಮೀಟರು ಉದ್ದವಿದ್ದು, ನಡುವೆ ಒಂದು ಮೀಟರು ಆಳದ ನೀರಿನ ತಡೆಯೂ ಇದೆ. ಹೊರಿಸಿಕೊಳ್ಳುವಾಕೆ ಕನಿಷ್ಠ 49 ಕಿಲೋ ತೂಗಬೇಕು, ಕಡಿಮೆಯಿದ್ದರೆ ಹೆಚ್ಚುವರಿ ಭಾರವನ್ನು ಕಟ್ಟಿಕೊಳ್ಳಬೇಕು. ಗೆದ್ದವರಿಗೆ ಆಕೆಯ ತೂಕದಷ್ಟು ಬಿಯರ್ ಕೊಡುವುದು ವಾಡಿಕೆ, ಆದ್ದರಿಂದ ಹಗುರವಾದ ಜೊತೆಗಾತಿಯನ್ನು ಆರಿಸಿಕೊಂಡವನಿಗೆ ಓಟ ಸುಲಭವಾದರೂ ಬಹುಮಾನ ಕಡಿಮೆ.

ಪ್ರಶ್ನೆ: ಇಂಥ ಆಟಗಳು ಎಂದಾದರೂ ಒಲಿಂಪಿಕ್ಸ್‌ನಲ್ಲಿ ಇದ್ದವೇ? (ಓದುಗರೊಬ್ಬರು, ತುಮಕೂರು)

ಉತ್ತರ: ನಮ್ಮ ಊರಹಬ್ಬಗಳಲ್ಲಿ ಕಾಣುವ ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು.

ಪ್ರಶ್ನೆ: ಮನುಷ್ಯ ಮತ್ತು ಕುದುರೆ ಒಟ್ಟಿಗೆ ಓಡುವ ಪಂದ್ಯವಿದೆ ಎಂದು ಕೇಳಿದ್ದೇನೆ. ಮನುಷ್ಯ ಗೆಲ್ಲುವುದು ಸಾಧ್ಯವೇ? (ಓದುಗರೊಬ್ಬರು, ಮೈಸೂರು)

ಉತ್ತರ: ಸಾಧ್ಯ, ಆದರೆ ಮೊದಲ ಗೆಲುವಿಗೆ ಇಪ್ಪತ್ತನಾಲ್ಕು ವರ್ಷ ಕಾಯಬೇಕಾಯಿತು. ವೇಲ್ಸ್ ದೇಶದ ಲಾನ್‌ವರ್ಟಿಡ್ ವೆಲ್ಸ್ ಎಂಬ ಪುಟ್ಟ ಊರಿನ ಪಬ್ ಒಂದರಲ್ಲಿ, ಗುಡ್ಡಗಾಡಿನ ದೂರದ ಓಟದಲ್ಲಿ ಮನುಷ್ಯನು ಕುದುರೆಗೆ ಸರಿಗಟ್ಟಬಲ್ಲನೇ ಎಂಬ ವಾದವೆದ್ದಾಗ, ಅದನ್ನು ಕೇಳಿಸಿಕೊಂಡ ಪಬ್ಬಿನ ಮಾಲೀಕ ಗಾರ್ಡನ್ ಗ್ರೀನ್ ಪಂದ್ಯವನ್ನೇ ಏರ್ಪಡಿಸಿಬಿಟ್ಟರು. 1980ರಲ್ಲಿ ಆರಂಭವಾದ ಈ ಓಟದ ದೂರ ಸುಮಾರು 35 ಕಿಲೋಮೀಟರು. ಮನುಷ್ಯ ಗೆದ್ದರೆ ಕೊಡಲೆಂದು ಮೀಸಲಿಟ್ಟ ಹಣಕ್ಕೆ ವರ್ಷಕ್ಕೆ ಸಾವಿರ ಪೌಂಡಿನಂತೆ ಸೇರಿಸುತ್ತ ಹೋದರು. 2004ರಲ್ಲಿ ಹ್ಯೂ ಲಾಬ್ ಎಂಬ ಓಟಗಾರ ಎರಡು ಗಂಟೆ ಐದು ನಿಮಿಷಗಳಲ್ಲಿ ಗುರಿಮುಟ್ಟಿ, ಅಷ್ಟೂ ವರ್ಷಗಳ 25,000 ಪೌಂಡನ್ನು ಒಮ್ಮೆಗೇ ಪಡೆದರು. 2007ರಲ್ಲಿ ಮತ್ತು 2022ರಲ್ಲಿಯೂ ಮನುಷ್ಯರೇ ಗೆದ್ದರು.

ಬಯಲಿನಲ್ಲಿ ನೂರಿನ್ನೂರು ಮೀಟರು ಓಡಿದರೆ ಕುದುರೆಯ ಮುಂದೆ ನಮ್ಮ ಆಟ ನಡೆಯದು. ದೂರ ಹೆಚ್ಚಾದಂತೆ ಲೆಕ್ಕ ಬದಲಾಗುತ್ತದೆ. ಕುದುರೆಯೂ ನಮ್ಮಂತೆಯೇ ಬೆವರುವ ಪ್ರಾಣಿ, ಆದರೆ ಅದರ ಭಾರೀ ದೇಹದಲ್ಲಿ ಹುಟ್ಟುವ ಶಾಖಕ್ಕೆ ಹೋಲಿಸಿದರೆ ಅದನ್ನು ಹೊರಹಾಕುವ ಚರ್ಮದ ಹರವು ಕಡಿಮೆ. ಕೂದಲಿಲ್ಲದ ಮೈಯ, ಸಣ್ಣ ಗಾತ್ರದ ಮನುಷ್ಯ ಬೇಗ ತಂಪಾಗುತ್ತಾನೆ. ಕಲ್ಲುದಾರಿ ಮತ್ತು ಕಡಿದಾದ ಇಳಿಜಾರುಗಳಲ್ಲಿ ಸವಾರನನ್ನು ಹೊತ್ತ ಕುದುರೆ ವೇಗ ತಗ್ಗಿಸಲೇಬೇಕಾಗುತ್ತದೆ. ಕುದುರೆಗಳನ್ನು ನಡುವೆ ಪಶುವೈದ್ಯರು ಪರೀಕ್ಷಿಸುವ ವ್ಯವಸ್ಥೆಯೂ ಇದೆ.

ಪ್ರಶ್ನೆ: ಹೊರಗಿನವರು ನಮ್ಮ ಕಂಬಳವನ್ನೂ ವಿಚಿತ್ರ ಕ್ರೀಡೆ ಎನ್ನುತ್ತಾರೆ. ಇದು ಸರಿಯೇ? (ಓದುಗರೊಬ್ಬರು, ಕಾರ್ಕಳ)

ಉತ್ತರ: ಅವರ ಕಣ್ಣಿಗೆ ಹಾಗೆ ಕಂಡರೆ ನಾವು ಮುನಿಸಿಕೊಳ್ಳಬೇಕಿಲ್ಲ, ನಾವೂ ಈ ಪುಟದಲ್ಲಿ ಅವರ ಚೀಸನ್ನು ಕುರಿತು ಅದನ್ನೇ ಮಾಡಿದ್ದೇವೆ. ತಕರಾರು ಇರಬೇಕಾದುದು ತಪ್ಪು ಹೋಲಿಕೆಗೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕಹಾಕಿ, ಉಸೇನ್ ಬೋಲ್ಟ್ ಅವರ 9.58ರ ದಾಖಲೆ ಮುರಿಯಿತೆಂದು ಮಾಧ್ಯಮಗಳು ಸಾರಿದವು. ಕೋಣಗಳ ಎಳೆತಕ್ಕೆ ಸಿಕ್ಕಿ, ಕೆಸರುನೀರಿನಲ್ಲಿ ಅವುಗಳ ಹೆಜ್ಜೆಗೆ ಹೆಜ್ಜೆ ಸೇರಿಸುವ ಓಟವೇ ಬೇರೆ, ಒಂಟಿಯಾಗಿ ಟ್ರ್ಯಾಕಿನಲ್ಲಿ ಓಡುವುದೇ ಬೇರೆ. ಅದನ್ನು ಚೆನ್ನಾಗಿ ಬಲ್ಲ ಗೌಡರು ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಹೋಗಲು ಒಪ್ಪಲಿಲ್ಲ. ಕಂಬಳದ ಎಲ್ಲ ವಿಭಾಗಗಳಲ್ಲಿಯೂ ವೇಗವೇ ಮುಖ್ಯವೆಂದೂ ಅಲ್ಲ: ಕನೆಹಲಗೆ ಎಂಬ ವಿಭಾಗದಲ್ಲಿ ಕೋಣಗಳು ಎಳೆಯುವ ಹಲಗೆಯಿಂದ ಮೇಲಕ್ಕೆ ಚಿಮ್ಮುವ ನೀರು ಆರೂವರೆ ಅಥವಾ ಏಳೂವರೆ ಕೋಲು (ಎತ್ತರದ ಅಳತೆ) ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದನ್ನಷ್ಟೇ ನೋಡುತ್ತಾರೆ.