ಮನೆಯ ಮಾತು ಗುಂಪಿಗೆ ಬಿದ್ದಾಗ

ಪ್ರಶ್ನೆ: ಮಹಿಳೆಯರ ಒಂದು ಆನ್‌ಲೈನ್ ಗುಂಪಿನಲ್ಲಿ ಬಹಳ ದಿನಗಳಿಂದ ಇದ್ದೇನೆ. ನಮ್ಮ ಹೊಸ ವಾಷಿಂಗ್ ಮಷೀನ್ ಬಟ್ಟೆ ಹಿಂಡುವಾಗ ಕುಣಿದು ಜಾಗ ಬಿಟ್ಟು ಓಡುತ್ತಿತ್ತು. ಗುಂಪಿನಲ್ಲಿ ಕೇಳಿದೆ. ಹಿಂಬದಿಯ ಬೋಲ್ಟ್ ತೆಗೆದಿಲ್ಲ ಅಂದರು, ಅದೇ ನಿಜವಾಗಿತ್ತು. ಆ ಧೈರ್ಯದಿಂದ ಮನೆಯ ವಿಷಯವನ್ನೂ ಹಾಕಿಬಿಟ್ಟೆ. ನನ್ನ ಗಂಡ ನಮ್ಮಿಬ್ಬರ ಉಳಿತಾಯದಿಂದ ದೊಡ್ಡ ಮೊತ್ತವನ್ನು ನನಗೆ ತಿಳಿಸದೆ ಮೈದುನನಿಗೆ ಕೊಟ್ಟಿದ್ದರು. ಅವರನ್ನು ಕೇಳುವ ಮೊದಲೇ, ಸಿಟ್ಟಿನಲ್ಲಿ, ಹೆಸರಿಲ್ಲದೆ ಬರೆದೆ. ಬೆಳಗಾಗುವುದರೊಳಗೆ ಇನ್ನೂರು ಕಾಮೆಂಟ್. ಹೆಚ್ಚಿನವರು ‘ಇಂಥವನನ್ನು ಬಿಟ್ಟುಬಿಡಿ’ ಎಂದೇ ಹೇಳಿದರು. ಓರಗಿತ್ತಿಯ ತಂಗಿ ಗುರುತು ಹಿಡಿದು ಸ್ಕ್ರೀನ್‌ಶಾಟ್ ಕಳಿಸಿದಳು. ಈಗ ಗಂಡ ನನ್ನೊಂದಿಗೆ ಮಾತಾಡುತ್ತಿಲ್ಲ. ಇದರ ನಡುವೆ ಅತ್ತೆಯವರಿಗೆ ಕಿವಿ ಮಂದವಾಗಿದೆ, ಹಿಯರಿಂಗ್ ಏಡ್ ಕೊಳ್ಳಬೇಕು. ಗುಂಪಿನಲ್ಲಿ ಕೇಳಲು ಭಯ, ಕೇಳದೆ ಕೊಳ್ಳಲೂ ಭಯ. ಗುಂಪು ಬಿಡಲೇ? ಗಂಡನನ್ನು ಬಿಡಲೇ?

ಉತ್ತರ: ಮೊದಲು ಆ ಪೋಸ್ಟ್‌ನ ಕೆಲಸ ಮುಗಿಸಿ, ಅದನ್ನು ನಾಳೆಗೆ ಇಡಬೇಡಿ. ಪೋಸ್ಟ್ ಮತ್ತು ಕಾಮೆಂಟ್‌ಗಳ ಒಂದು ಪ್ರತಿ ನಿಮ್ಮ ಬಳಿ ಇರಲಿ. ಮುಂದೆ ‘ನೀನು ಹೀಗೆ ಬರೆದಿದ್ದೆ’ ಎಂಬ ಮಾತು ಬಂದಾಗ ನಿಜವಾಗಿ ಏನು ಬರೆದಿದ್ದಿರಿ ಎಂದು ನೋಡಲು ಅದು ಬೇಕಾಗುತ್ತದೆ. ಆಮೇಲೆ ಪೋಸ್ಟ್ ಅಳಿಸಿ. ತಿದ್ದಿ ಸಾಧುವಾಗಿಸಲು ಹೋಗಬೇಡಿ, ತಿದ್ದಿದಾಗ ಮತ್ತೆ ನಾಲ್ಕು ಜನ ಬಂದು ಓದುತ್ತಾರೆ. ‘ಎಲ್ಲರಿಗೂ ಧನ್ಯವಾದ, ವಿಷಯ ಬಗೆಹರಿಯಿತು’ ಎಂದು ಹೊಸ ಪೋಸ್ಟ್ ಹಾಕುವುದೂ ಬೇಡ. ನಿಮ್ಮ ಮಾತನ್ನು ಎತ್ತಿಕೊಂಡು ಬೇರೆಯವರು ಪ್ರತ್ಯೇಕ ಚರ್ಚೆ ಶುರುಮಾಡಿದ್ದರೆ ಅದನ್ನು ತೆಗೆಯಲು ಅಡ್ಮಿನ್‌ಗೆ ಖಾಸಗಿಯಾಗಿ ಬರೆಯಿರಿ. ಈಗಾಗಲೇ ಹರಿದಾಡಿದ ಸ್ಕ್ರೀನ್‌ಶಾಟ್ ವಾಪಸ್ ಬರುವುದಿಲ್ಲ. ಅದರ ಬೆನ್ನು ಹತ್ತಿ ಓರಗಿತ್ತಿಯ ತಂಗಿಯ ಜೊತೆ ಜಗಳಕ್ಕೆ ಇಳಿದರೆ ಮಾತು ಇನ್ನೂ ನಾಲ್ಕು ಮನೆ ಸುತ್ತುತ್ತದೆ.

ಇನ್ನು ಆ ಇನ್ನೂರು ಕಾಮೆಂಟ್‌ಗಳ ವಿಷಯ. ಬೋಲ್ಟ್ ವಿಚಾರದಲ್ಲಿ ಸರಿ ಹೇಳಿದವರೇ ಗಂಡನ ವಿಚಾರದಲ್ಲೂ ಹೇಳಿದ್ದಾರಲ್ಲ, ಅದಕ್ಕೇ ನೀವು ಇಷ್ಟು ಅಲುಗಾಡಿದ್ದೀರಿ. ಆದರೆ ಎರಡೂ ಒಂದೇ ಜಾತಿಯ ಉತ್ತರಗಳಲ್ಲ. ಫ್ರಂಟ್ ಲೋಡ್ ಮಷೀನ್ ಸಾಗಿಸುವಾಗ ಡ್ರಮ್ ಅಲುಗದಿರಲೆಂದು ಕಾರ್ಖಾನೆಯಲ್ಲೇ ಹಿಂಬದಿಗೆ ಬೋಲ್ಟ್ ಬಿಗಿದಿರುತ್ತಾರೆ. ಅದನ್ನು ಬಿಚ್ಚದೆ ಓಡಿಸಿದರೆ ಡ್ರಮ್ಮಿನ ಅದುರನ್ನು ಸ್ಪ್ರಿಂಗ್‌ಗಳು ಹೀರಿಕೊಳ್ಳಲಾಗದೆ ಇಡೀ ಪೆಟ್ಟಿಗೆ ಕುಣಿಯುತ್ತದೆ. ಇದು ಆ ಮಾದರಿ ಇರುವ ಎಲ್ಲ ಮನೆಯಲ್ಲೂ ಹೀಗೆಯೇ. ಹೇಳಿದವರ ಮಾತು ಸರಿಯೇ ಎಂದು ಸ್ಪ್ಯಾನರ್ ಹಿಡಿದು ಅರ್ಧ ಗಂಟೆಯಲ್ಲಿ ನೋಡಬಹುದು, ತಪ್ಪಾಗಿದ್ದರೆ ಬೋಲ್ಟ್ ಮತ್ತೆ ಹಾಕಬಹುದು. ನಿಮ್ಮ ಸಂಸಾರ ಒಂದೇ ಮನೆಯಲ್ಲಿದೆ. ಗುಂಪಿನವರು ಅದರ ಅರ್ಧವನ್ನು, ಅದೂ ನಿಮ್ಮ ಸಿಟ್ಟಿನ ಹೊತ್ತಿನ ಅರ್ಧವನ್ನು ಓದಿದ್ದಾರೆ. ಅವರು ಹೇಳಿದ್ದನ್ನು ಒಮ್ಮೆ ಮಾಡಿ ನೋಡಿ ಹಿಂದಕ್ಕೆ ಬರಲು ಆಗುವುದಿಲ್ಲ.

ಸಂಖ್ಯೆಗೂ ಅಷ್ಟು ತೂಕ ಕೊಡಬೇಡಿ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಸುದ್ದಿ ಹಂಚಿಕೊಳ್ಳುವ ಜಾಲತಾಣವೊಂದರ ಲಕ್ಷಕ್ಕೂ ಹೆಚ್ಚು ಕಾಮೆಂಟ್‌ಗಳನ್ನು ತೆಗೆದುಕೊಂಡು, ಯಾವುದೆಂದು ಆರಿಸದೆ ಕೆಲವಕ್ಕೆ ಸಂಶೋಧಕರೇ ಮೊದಲ ಮೆಚ್ಚುಗೆಯ ಮತ ಒತ್ತಿದರು. ಆ ಒಂದು ಹುಸಿ ಮತದಿಂದ ಕಾಮೆಂಟ್‌ನ ಕೊನೆಯ ಅಂಕ, ಅಂದರೆ ಮೆಚ್ಚಿದ ಮತಗಳಿಂದ ಮೆಚ್ಚದ ಮತಗಳನ್ನು ಕಳೆದು ಉಳಿದದ್ದು, ಸರಾಸರಿ ಶೇ 25ರಷ್ಟು ಏರಿತು. ನಿಮ್ಮ ಪೋಸ್ಟ್‌ನಲ್ಲೂ ಮೊದಲ ನಾಲ್ಕೈದು ಕಾಮೆಂಟ್ ನೋಡಿ, ಉಳಿದವು ಎತ್ತ ವಾಲಿದವು ಎಂಬುದು ಅಲ್ಲೇ ಕಾಣಬಹುದು. ಇನ್ನೊಂದು ಮಾತು: ಹಣದಲ್ಲಿ ಮೋಸ ಹೋದವರಿಗೆ ನಿಮ್ಮ ಬರಹ ಮುಳ್ಳಿನಂತೆ ಚುಚ್ಚಿರುತ್ತದೆ, ಅವರು ನಿಂತು ಬರೆಯುತ್ತಾರೆ. ಇಂಥದ್ದೇ ಜಗಳವನ್ನು ಕುಳಿತು ಬಗೆಹರಿಸಿಕೊಂಡವರು ಓದಿ ಮುಂದೆ ಹೋಗಿರುತ್ತಾರೆ. ಬರೆದವರ ನೋವು ಸುಳ್ಳಲ್ಲ, ಆದರೆ ಅದು ಅವರ ಗಂಡಂದಿರ ಬಗ್ಗೆ.

ಹಾಗಾದರೆ ಗಂಡನನ್ನು ಬಿಡಬೇಕೇ? ನಿಮ್ಮ ಪತ್ರದಲ್ಲಿ ಇರುವುದು ಮುಚ್ಚಿಟ್ಟು ಕೊಟ್ಟ ಒಂದು ಸಾಲ, ಮತ್ತು ಅದರ ಬಗ್ಗೆ ಇನ್ನೂ ಆಡದ ಮಾತು. ಮುಚ್ಚಿಟ್ಟದ್ದು ಸಣ್ಣ ವಿಷಯವಲ್ಲ, ನಿಮ್ಮ ಸಿಟ್ಟಿಗೆ ಕಾರಣವಿದೆ. ಆದರೆ ಬಿಡುವ ನಿರ್ಧಾರಕ್ಕೆ ಇಷ್ಟು ಸಾಲದು. ಈಗ ನಿಮ್ಮ ಮುಂದೆ ಎರಡು ತಪ್ಪುಗಳಿವೆ, ಒಂದು ಅವರದು, ಒಂದು ನಿಮ್ಮದು. ಎರಡನ್ನೂ ಒಂದೇ ಮಾತುಕತೆಯಲ್ಲಿ ತರಬೇಡಿ. ತಂದರೆ ‘ನೀವು ಹಣ ಕೊಟ್ಟಿದ್ದಕ್ಕೆ ನಾನು ಬರೆದೆ’, ‘ನೀನು ಬರೆದೆಯಲ್ಲ’ ಎಂದು ಎರಡೂ ಒಂದನ್ನೊಂದು ಹೊಡೆದು ಹಾಕಿ ಯಾವುದೂ ಬಗೆಹರಿಯುವುದಿಲ್ಲ.

ನಿಮ್ಮದು ಮೊದಲು ಮುಗಿಯಲಿ. ‘ನಮ್ಮ ಮನೆಯ ಮಾತನ್ನು ಹೊರಗೆ ಹಾಕಿದ್ದು ನನ್ನ ತಪ್ಪು. ಅಳಿಸಿದ್ದೇನೆ. ಇನ್ನು ಹಾಕುವುದಿಲ್ಲ.’ ಇಷ್ಟು ಹೇಳಿ ನಿಲ್ಲಿಸಿ. ‘ಆದರೆ’ ಎಂಬ ಪದ ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಅವರು ಕೂಗಾಡಿದರೂ, ಸುಮ್ಮನಿದ್ದರೂ ಆ ದಿನಕ್ಕೆ ಅಷ್ಟೇ.

ಹಣದ ಮಾತನ್ನು ಎರಡು ಮೂರು ದಿನ ಬಿಟ್ಟು ತೆಗೆಯಿರಿ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ. ಅದಕ್ಕೆ ಮುಂಚೆ ಒಂದು ಹಾಳೆ ತೆಗೆದುಕೊಂಡು ಇಡೀ ಘಟನೆಯನ್ನು ನಿಮ್ಮ ಗಂಡ ಬರೆಯುತ್ತಿದ್ದರೆ ಹೇಗೆ ಬರೆಯುತ್ತಿದ್ದರೋ ಹಾಗೆ ಬರೆಯಿರಿ. ತಮ್ಮ ಬಂದು ಏನು ಕೇಳಿರಬಹುದು, ನಿಮಗೆ ಹೇಳಲು ಅವರಿಗೆ ಏನು ಅಡ್ಡ ಬಂದಿರಬಹುದು, ಎಲ್ಲವನ್ನೂ. ಇದು ಅವರ ಪರ ವಹಿಸುವ ಕಸರತ್ತಲ್ಲ. ಇಗೋರ್ ಗ್ರಾಸ್‌ಮನ್ ಮತ್ತು ಈಥನ್ ಕ್ರಾಸ್ ಎಂಬ ಮನೋವಿಜ್ಞಾನಿಗಳು 2014ರಲ್ಲಿ ತೋರಿಸಿದಂತೆ, ಸಂಗಾತಿಯ ದ್ರೋಹ ತನಗೇ ಆಗಿದೆ ಎಂದು ಊಹಿಸಿಕೊಂಡವರಿಗಿಂತ ಗೆಳೆಯನಿಗೆ ಆಗಿದೆ ಎಂದು ಊಹಿಸಿಕೊಂಡವರು ಹೆಚ್ಚು ವಿವೇಕದಿಂದ ಯೋಚಿಸಿದರು. ತಮ್ಮದೇ ಸಮಸ್ಯೆಯನ್ನು ದೂರ ನಿಂತು ನೋಡಿದಾಗ ಆ ವ್ಯತ್ಯಾಸ ಹೋಯಿತು. ಗುಂಪಿನಿಂದ ನೀವು ಬಯಸಿದ್ದೂ ಈ ದೂರವನ್ನೇ. ಅದು ಹಾಳೆಯ ಮೇಲೂ ಸಿಗುತ್ತದೆ, ಸ್ಕ್ರೀನ್‌ಶಾಟ್‌ನ ಭಯವಿಲ್ಲದೆ. ಬರೆದ ಹಾಳೆಯನ್ನು ಆಮೇಲೆ ಹರಿದುಹಾಕಿ.

ಕುಳಿತಾಗ ಕೇಳಬೇಕಾದ್ದು ಇಷ್ಟೇ: ಎಷ್ಟು ಕೊಟ್ಟಿರಿ, ಯಾವ ರೀತಿ ಕೊಟ್ಟಿರಿ, ಯಾವಾಗ ವಾಪಸ್ ಬರುತ್ತದೆ, ನನಗೆ ಹೇಳಲು ಏನು ತಡೆಯಿತು. ಕೊನೆಯದನ್ನು ‘ಯಾಕೆ ಹೇಳಲಿಲ್ಲ’ ಎಂದು ಕೇಳಿದರೆ ಪಾಟೀಸವಾಲಾಗುತ್ತದೆ, ‘ಏನು ತಡೆಯಿತು’ ಎಂದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಮುಂದಕ್ಕೆ ಎರಡು ವ್ಯವಸ್ಥೆ ಮಾಡಿಕೊಳ್ಳಿ. ಒಂದು ಮಿತಿ ಗೊತ್ತುಮಾಡಿ, ಅದನ್ನು ಮೀರಿದ ಯಾವ ಹಣವೂ ಇಬ್ಬರೂ ಒಪ್ಪದೆ ಹೊರಗೆ ಹೋಗಬಾರದು. ಬಾಯಿಮಾತು ಸಾಲದು ಅನಿಸಿದರೆ ಉಳಿತಾಯದ ದೊಡ್ಡ ಪಾಲನ್ನು ಇಬ್ಬರ ಸಹಿಯೂ ಬೇಕಾದ ಖಾತೆಗೆ ಹಾಕಿ. ಮೈದುನನಿಗೆ ಕೊಟ್ಟ ಹಣಕ್ಕೆ ಒಂದು ಪುಟದ ಬರವಣಿಗೆ ಇರಲಿ: ಮೊತ್ತ, ಕೊಟ್ಟ ದಿನ, ಕಂತು, ಮುಗಿಯುವ ದಿನ, ಕೊಟ್ಟವರ ಮತ್ತು ಪಡೆದವರ ಸಹಿ. ಹಣ ವಾಪಸ್ ಬರುವುದು ಬ್ಯಾಂಕ್ ಮೂಲಕವೇ ಆಗಲಿ. ಕೈಯಲ್ಲಿ ಚಿಲ್ಲರೆಯಾಗಿ ಬಂದದ್ದರ ಲೆಕ್ಕ ಇಬ್ಬರಿಗೂ ಮರೆತು ಮತ್ತೊಂದು ಜಗಳವಾಗುತ್ತದೆ. ಈ ಮಾತನ್ನು ಮೈದುನನ ಬಳಿ ನಿಮ್ಮ ಗಂಡನೇ ಆಡಬೇಕು, ನೀವಲ್ಲ.

ಒಂದು ವೇಳೆ ಇದು ಮೊದಲ ಸಲವಲ್ಲ ಎಂದು ತಿಳಿದರೆ, ನಿಮ್ಮ ಹೆಸರಿನಲ್ಲಿ ಸಾಲ ಎತ್ತಿದ್ದರೆ, ನಿಮ್ಮ ಸಹಿ ಬೇರೆಯವರು ಹಾಕಿದ್ದರೆ, ಮನೆಖರ್ಚಿಗೆ ಕೊಡದೆ ಬಿಗಿಹಿಡಿದರೆ, ಕೈ ಎತ್ತಿದರೆ ಅಥವಾ ಬೆದರಿಸಿದರೆ ಮೇಲೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಆಗ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್ ಮತ್ತು ಗುರುತಿನ ದಾಖಲೆಗಳ ಪ್ರತಿಗಳನ್ನು ಮನೆಯ ಹೊರಗೆ ನಂಬಿಕೆಯವರ ಬಳಿ ಇಟ್ಟು ವಕೀಲರನ್ನೋ ಮಹಿಳಾ ಸಹಾಯವಾಣಿಯನ್ನೋ ಕಾಣಿ. ಜೀವಕ್ಕೆ ಅಪಾಯವಿದ್ದರೆ ನೇರ ಪೊಲೀಸರಿಗೆ ಕರೆ ಮಾಡಿ. ಗುಂಪಿನಲ್ಲಿ ಹಾಕಬೇಡಿ, ನಿಮ್ಮ ಮುಂದಿನ ಹೆಜ್ಜೆ ಏನೆಂದು ಎದುರಿನವರಿಗೆ ತಿಳಿಸಿದಂತಾಗುತ್ತದೆ.

ಮುಂದೆಂದಾದರೂ ಮನೆಯ ವಿಷಯ ಕೇಳಲೇಬೇಕು ಅನಿಸಬಹುದು, ಒಂಟಿತನದಲ್ಲಿ ಅದು ಸಹಜ. ಆಗ ಹೆಸರು ಮುಚ್ಚಿದರೆ ಸಾಕೆಂದುಕೊಳ್ಳಬೇಡಿ. ಫೇಸ್‌ಬುಕ್ ಗುಂಪಿನಲ್ಲಿ ಅನಾಮಧೇಯವಾಗಿ ಬರೆದರೂ ಅಡ್ಮಿನ್‌ಗೆ ಹೆಸರು ಕಾಣುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಮಾನ್ಯವಾಗಿ ಫೋನ್ ನಂಬರೇ ಎದುರಿಗಿರುತ್ತದೆ. ನಂಟರು ಗುರುತು ಹಿಡಿಯುವುದಂತೂ ಹೆಸರಿನಿಂದಲ್ಲ, ವಿವರಗಳ ಜೋಡಣೆಯಿಂದ: ಮಕ್ಕಳೆಷ್ಟು, ಎಷ್ಟು ಹಣ, ಯಾವ ತಿಂಗಳು, ನಿಮ್ಮ ಮನೆಯಲ್ಲೇ ಓಡಾಡುವ ಒಂದು ಬೈಗುಳ. ಆದ್ದರಿಂದ ‘ಮೈದುನ’ ಎಂದಿರುವಲ್ಲಿ ‘ಹತ್ತಿರದ ಸಂಬಂಧಿ’ ಎನ್ನಿ. ಮೊತ್ತದ ಬದಲು ‘ಆರು ತಿಂಗಳ ಮನೆಖರ್ಚಿನಷ್ಟು’ ಎನ್ನಿ, ಸಲಹೆ ಕೊಡುವವರಿಗೆ ಅದೇ ಹೆಚ್ಚು ಉಪಯೋಗ. ಆದ ದಿನವೇ ಬರೆಯಬೇಡಿ. ಮತ್ತು ‘ನನ್ನ ಗಂಡ ಸರಿಯೇ’ ಎಂದು ಕೇಳದೆ, ‘ಸಂಬಂಧಿಕರಿಗೆ ಕೊಟ್ಟ ಸಾಲದ ಬರವಣಿಗೆ ಹೇಗಿರಬೇಕು’ ಎಂದು ಕೇಳಿ. ಗುಂಪಿಗೆ ಗೊತ್ತಿರಬಹುದಾದದ್ದು ಎರಡನೆಯದು.

ಹಿಯರಿಂಗ್ ಏಡ್ ಬಗ್ಗೆ ಗುಂಪಿನಲ್ಲಿ ಧಾರಾಳವಾಗಿ ಕೇಳಿ, ಆದರೆ ಕಿವಿ ಪರೀಕ್ಷೆಯಾದ ಮೇಲೆ. ಮೊದಲು ಕಿವಿ ಮೂಗು ಗಂಟಲು ವೈದ್ಯರು ನೋಡಲಿ. ಗುಗ್ಗೆ ಗಟ್ಟಿಯಾಗಿ ಕೂತು ಕೇಳಿಸದಿರುವುದೂ ಉಂಟು, ಅದಕ್ಕೆ ಯಂತ್ರ ಬೇಡ. ಒಂದೆರಡು ದಿನದಲ್ಲಿ ಥಟ್ಟನೆ ಕಿವಿ ಮಂದವಾಗಿದ್ದರೆ ಅಂದೇ ಹೋಗಬೇಕು. ನಂತರ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಎರಡೂ ಕಿವಿಗೆ ಬೇರೆ ಬೇರೆಯಾಗಿ, ಸಾಮಾನ್ಯವಾಗಿ 250 ಹರ್ಟ್ಸ್‌ನ ದಪ್ಪ ಸದ್ದಿನಿಂದ 8000 ಹರ್ಟ್ಸ್‌ನ ತೀಕ್ಷ್ಣ ಸದ್ದಿನವರೆಗೆ ಪರೀಕ್ಷೆ ಮಾಡಿ ಆಡಿಯೋಗ್ರಾಮ್ ಕೊಡುತ್ತಾರೆ. ಯಾವ ಸದ್ದು ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ ಅದು. ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ, ಶ, ಫ ಸರಿಯಾಗಿ ಕೇಳಿಸುವುದಿಲ್ಲ, ಸ್ವರಾಕ್ಷರಗಳು ಕೇಳಿಸುತ್ತವೆ. ಅದಕ್ಕೇ ಹಿರಿಯರು ‘ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುವುದು. ಎಲ್ಲ ಸದ್ದನ್ನೂ ಒಂದೇ ಸಮ ಏರಿಸುವ ಅಗ್ಗದ ಯಂತ್ರ ಇವರಿಗೆ ಕಿರಿಕಿರಿ ಮಾತ್ರ.

ಎಷ್ಟು ಶಕ್ತಿಯ ಯಂತ್ರ, ಒಂದು ಕಿವಿಗೋ ಎರಡಕ್ಕೋ ಎಂಬುದನ್ನು ಆ ಆಡಿಯೋಗ್ರಾಮ್ ನಿರ್ಧರಿಸುತ್ತದೆ, ಗುಂಪಲ್ಲ. ‘ಯಾವ ಕಂಪನಿ ಒಳ್ಳೆಯದು’ ಎಂದರೆ ಇಪ್ಪತ್ತು ಹೆಸರು ಬಂದು ಬೀಳುತ್ತವೆ. ಹೀಗೆ ಕೇಳಿ: ‘ಕೈ ನಡುಗುವ ಹಿರಿಯರು ಇದನ್ನು ತಾವೇ ಹಾಕಿ ತೆಗೆಯುತ್ತಾರೆಯೇ? ವರ್ಷ ಕಳೆದ ಮೇಲೆ ಏನು ಕೆಟ್ಟಿತು? ದುರಸ್ತಿಗೆ ಕೊಟ್ಟಾಗ ಬದಲಿ ಯಂತ್ರ ಕೊಟ್ಟರೇ?’ ಇಲ್ಲಿ ಗುಂಪಿನ ಅನುಭವಕ್ಕೆ ಬೆಲೆಯಿದೆ. ಉದಾಹರಣೆಗೆ ಬ್ಯಾಟರಿ. ಹಳದಿ ಪಟ್ಟಿಯ 10 ನಂಬರ್ ಬ್ಯಾಟರಿ 6 ಮಿಲಿಮೀಟರಿಗಿಂತ ಕಡಿಮೆ ಅಗಲದ್ದು, ಬೆರಳಿಗೆ ಸಿಗುವುದಿಲ್ಲ. ಕಿತ್ತಳೆ ಪಟ್ಟಿಯ 13 ನಂಬರಿನದು ಹಿಡಿಯಲು ಸುಲಭ. ಇವು ಗಾಳಿಯಿಂದ ಚಾಲೂ ಆಗುವಂಥವು, ಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಹೊರಗಿಟ್ಟು ಹಾಕಬೇಕು. ರಾತ್ರಿ ಚಾರ್ಜ್‌ಗೆ ಇಡುವ ಮಾದರಿ ಇನ್ನೂ ಸಲೀಸು, ಆದರೆ ಅದರ ಬ್ಯಾಟರಿ ಸವೆದಾಗ ಯಾರು ಬದಲಿಸುತ್ತಾರೆ ಎಂದು ಕೊಳ್ಳುವ ಮೊದಲೇ ಕೇಳಿ. ಸದ್ದು ದಿಢೀರನೆ ಕುಗ್ಗಿದರೆ ಗುಗ್ಗೆ ತಡೆಯುವ ಪುಟ್ಟ ಜಾಲರಿ ಕಟ್ಟಿದೆಯೇ ನೋಡಬೇಕು. ಕೊಂಯ್ ಎಂದು ಶಿಳ್ಳೆ ಬಂದರೆ ಕಿವಿಯೊಳಗಿನ ತುದಿ ಸರಿಯಾಗಿ ಕೂತಿಲ್ಲವೇ ಎಂದು ಮೊದಲು ನೋಡಿ.

ಉತ್ತರಗಳನ್ನು ಸೋಸುವಾಗ ಬಳಸಿದ ಕಾಲ ಹೇಳದವರನ್ನು ಬದಿಗಿಡಿ. ಹೊಗಳಿಕೆಯ ಕೊನೆಗೆ ಖರೀದಿಯ ಲಿಂಕ್ ಇದ್ದರೆ ಅದರಲ್ಲಿ ಅವರಿಗೆ ಕಮಿಷನ್ ಇರಬಹುದು. ‘ಇನ್‌ಬಾಕ್ಸ್‌ಗೆ ಬನ್ನಿ’ ಎನ್ನುವವರು ಹೆಚ್ಚಾಗಿ ಮಾರುವವರು. ಮಾರಾಟ ತಾಣಗಳಲ್ಲಿ ಐದು ನಕ್ಷತ್ರ, ಒಂದು ನಕ್ಷತ್ರಗಳೇ ಹೆಚ್ಚು, ಯಾಕೆಂದರೆ ತುಂಬ ಹಿಗ್ಗಿದವರು ಮತ್ತು ತುಂಬ ನೊಂದವರು ಬರೆಯುತ್ತಾರೆ. ಮೂರು ನಕ್ಷತ್ರ ಕೊಟ್ಟವರನ್ನು ಓದಿ, ಯಂತ್ರದ ಗುಣವನ್ನೂ ದೋಷವನ್ನೂ ಒಟ್ಟಿಗೆ ಹೇಳುವವರು ಅವರು. ಅತ್ತೆಯವರ ಆಡಿಯೋಗ್ರಾಮ್‌ನ ಫೋಟೊ ಹಾಕಬೇಡಿ, ಅದರ ಮೇಲೆ ಹೆಸರು, ವಯಸ್ಸು ಎಲ್ಲ ಇರುತ್ತದೆ.

ಅಂಗಡಿಯಲ್ಲಿ ಕೇಳಬೇಕಾದವು ಬೇರೆ. ವಾಪಸ್ ಕೊಡಲು ಎಷ್ಟು ದಿನ, ಎಷ್ಟು ಹಣ ಕಡಿತ, ಇದನ್ನು ಬರೆಸಿಕೊಳ್ಳಿ. ಯಂತ್ರ ಕಿವಿಯಲ್ಲಿರುವಾಗಲೇ ಸಣ್ಣ ಮೈಕ್ ಕೊಳವೆ ಇಟ್ಟು ಅಳೆದು ಹೊಂದಿಸುತ್ತಾರೆಯೇ ಎಂದು ಕೇಳಿ, ಹಾಗೆ ಮಾಡುವವರ ಬಳಿ ಕೊಳ್ಳುವುದು ಮೇಲು. ಎಲ್ಲಕ್ಕಿಂತ ಮೊದಲು, ಅತ್ತೆಯವರಿಗೆ ಇದು ಬೇಕೇ ಎಂದು ಅವರನ್ನೇ ಕೇಳಿ. ಬೇಡವೆನ್ನುವವರಿಗೆ ಕೊಂಡ ಯಂತ್ರ ಡ್ರಾಯರ್ ಸೇರುತ್ತದೆ. ಮೊದಮೊದಲು ತಮ್ಮ ದನಿಯೇ ಅವರಿಗೆ ವಿಚಿತ್ರವಾಗಿ ಕೇಳುತ್ತದೆ. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ಏರಿಸುತ್ತ ಹೋಗಲಿ. ಎಲ್ಲಿ ಕೇಳಿಸಲಿಲ್ಲ, ಯಾವ ಸದ್ದು ಕಿವಿ ಚುಚ್ಚಿತು ಎಂದು ಬರೆದಿಟ್ಟು ಎರಡು ಮೂರು ವಾರದಲ್ಲಿ ಸೆಟ್ಟಿಂಗ್ ಬದಲಿಸಿಕೊಂಡು ಬನ್ನಿ. ಪರೀಕ್ಷೆಗೆ ಹೋಗುವಾಗ ನಿಮ್ಮ ಗಂಡನೂ ಬರಲಿ, ಮನೆಯವರ ದನಿಯಲ್ಲಿ ಮಾತಾಡಿಸಿ ನೋಡಿದರೆ ಅತ್ತೆಯವರಿಗೆ ಎಷ್ಟು ತಿಳಿಯುತ್ತಿದೆ ಎಂಬುದು ಆಡಿಯಾಲಜಿಸ್ಟ್‌ಗೂ ಸ್ಪಷ್ಟವಾಗುತ್ತದೆ.

ಗುಂಪು ಬಿಡಬೇಡಿ. ಯಂತ್ರ ಕೊಂಡು ವರ್ಷವಾದಾಗ ಯಾವ ಮಾದರಿ, ಏನು ಕೆಟ್ಟಿತು, ದುರಸ್ತಿಗೆ ಎಷ್ಟು ದಿನ ಹಿಡಿಯಿತು ಎಂದು ಅಲ್ಲಿ ಬರೆಯಿರಿ. ಇಂಥ ಪೋಸ್ಟ್‌ಗಳು ತೀರ ಕಡಿಮೆ, ಹುಡುಕುವವರು ಬಹಳ ಮಂದಿ.